ಕಾಪು ಲೈಟ್‌ಹೌಸ್‌ನ ಬೆಳಕು ಹಿಡಿಯಲು ಹೋಗಿ

ಕಾಪು ಬೀಚಿಗೆ ಹೋದವರೆಲ್ಲ ಲೈಟ್‌ಹೌಸ್ ಫೋಟೋ ತೆಗೆಯುತ್ತಾರೆ. ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೆಯೇ ತೆಗೆದೆ. ಬಂಡೆಯ ಮೇಲೆ ಕಪ್ಪು-ಬಿಳಿ ಪಟ್ಟೆಯ ಗೋಪುರ, ಹಿಂದೆ ಮುಳುಗುವ ಸೂರ್ಯ. ಚೆಂದವೇ. ಆದರೆ ಒಂದು ದಿನ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದೆ. ಯಾವುದರಲ್ಲೂ ದೀಪ ಇರಲಿಲ್ಲ. 1901ರಿಂದ ದೋಣಿ, ಹಡಗುಗಳಿಗೆ ದಾರಿ ತೋರಿಸಿಕೊಂಡು ಬಂದಿರುವ ಗೋಪುರ ಅದು. ದೀಪವೇ ಕಾಣದಿದ್ದರೆ ಅದು ಲೈಟ್‌ಹೌಸ್ ಚಿತ್ರ ಹೇಗಾಗುತ್ತದೆ?

ಅಂದಿನಿಂದ ಜನ ಮನೆಗೆ ಹೊರಡುವ ಹೊತ್ತಿಗೆ ನಾನು ಟ್ರೈಪಾಡ್ ಬಿಚ್ಚತೊಡಗಿದೆ.

ಕತ್ತಲಲ್ಲಿ ಆಟೋಫೋಕಸ್ ಕೆಲಸ ಮಾಡುವುದಿಲ್ಲ. ಹಾಗಾಗಿ ಬೆಳಕಿದ್ದಾಗಲೇ ಗೋಪುರದ ಮೇಲಿನ ಕಂಬಿಗೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿಬಿಡುತ್ತೇನೆ. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಆಕಾಶ ಗಾಢ ನೀಲಿಯಾಗುತ್ತದೆ. ಆಗ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಫ್/8, ಶಟರ್ ತೆರೆದಿಡುವುದು ಇಪ್ಪತ್ತರಿಂದ ಮೂವತ್ತು ಸೆಕೆಂಡ್. ಟ್ರೈಪಾಡ್ ಬಂಡೆಯ ಮೇಲಿದ್ದರೆ ಒಳ್ಳೆಯದು. ಒದ್ದೆ ಮರಳಿನಲ್ಲಿ ಪ್ರತಿ ಅಲೆಗೂ ಕಾಲು ಸ್ವಲ್ಪ ಸ್ವಲ್ಪ ಹೂತುಹೋಗುತ್ತದೆ, ಪಟ್ಟೆಗಳು ಮಸುಕಾಗುತ್ತವೆ. ಇನ್ನು ಉಪ್ಪಿನ ಹನಿ. ಅದನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ. ನನ್ನ ಹಳೆಯ ಫಿಲ್ಟರ್ ಮೇಲೆ ಹಾಗೆ ಉಜ್ಜಿದ ಗೀರುಗಳು ಇನ್ನೂ ಇವೆ. ಮೊದಲು ಸಿಹಿನೀರಲ್ಲಿ ನೆನೆಸಿದ ಬಟ್ಟೆ, ಆಮೇಲೆ ಒಣಬಟ್ಟೆ.

ಇಷ್ಟಾದರೂ ಬೆಳಕಿನ ಕೋಲು ಒಂದು ದಿನ ಬರುತ್ತಿತ್ತು, ಇನ್ನೊಂದು ದಿನ ಬರುತ್ತಿರಲಿಲ್ಲ. ತಪ್ಪು ಕ್ಯಾಮೆರಾದ್ದು ಅಂದುಕೊಂಡಿದ್ದೆ. ಅದು ಗಾಳಿಯದ್ದು. ಗಾಳಿ ತೀರಾ ಶುಭ್ರವಾಗಿದ್ದರೆ ಬೆಳಕು ಹಾದುಹೋದದ್ದೇ ಕಾಣುವುದಿಲ್ಲ. ತೇವ ಬೇಕು, ಒಂಚೂರು ಮಬ್ಬು ಬೇಕು. ಮೇ ಕೊನೆಯ ಬೆವರಿಳಿಸುವ ಸಂಜೆಗಳಲ್ಲಿ, ಮಳೆ ನಿಂತು ಸ್ವಲ್ಪ ಹೊತ್ತಾದ ಮೇಲೆ, ನನಗೆ ಒಳ್ಳೆಯ ಚಿತ್ರಗಳು ಸಿಕ್ಕಿವೆ.

ಇನ್ನೊಂದು ವಿಷಯ ತಿಳಿಯಲು ನನಗೆ ಜಾಸ್ತಿ ಸಮಯ ಹಿಡಿಯಿತು. ದೀಪ ಹತ್ತಿ ಆರುತ್ತದೆ ಎಂದೇ ನಾನು ನಂಬಿದ್ದೆ. ತಿರುಗುವ ಮಸೂರ ಇರುವ ಲೈಟ್‌ಹೌಸ್‌ಗಳಲ್ಲಿ ದೀಪ ಆರುವುದೇ ಇಲ್ಲ. ಅದರ ಸುತ್ತ ಗಾಜಿನ ಮಸೂರ ತಿರುಗುತ್ತದೆ. ಬಳೆಗಳ ಹಾಗೆ ಒಂದರ ಸುತ್ತ ಒಂದು ಜೋಡಿಸಿದ ಗಾಜು. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ರೂಪಿಸಿದ್ದು, 1823ರಲ್ಲಿ ಅಲ್ಲಿನ ಕಾರ್ಡುವಾನ್ ಲೈಟ್‌ಹೌಸ್‌ನಲ್ಲಿ ಮೊದಲು ಕೂರಿಸಿದ್ದು. ಚದುರಿ ಹೋಗುವ ಬೆಳಕನ್ನು ಅದು ಒಟ್ಟುಮಾಡಿ ದಿಗಂತದ ಕಡೆ ತಳ್ಳುತ್ತದೆ. ಮಸೂರ ನಮ್ಮ ಕಡೆ ತಿರುಗಿದಾಗ ಮಿಂಚು, ಉಳಿದ ಹೊತ್ತು ಕತ್ತಲೆ. ಯಾವ ಲೈಟ್‌ಹೌಸ್ ಎಷ್ಟು ಸಲ, ಎಷ್ಟು ಸೆಕೆಂಡಿಗೊಮ್ಮೆ ಮಿನುಗಬೇಕು ಎಂಬುದು ನಿಗದಿಯಾಗಿದೆ, ನಾವಿಕರ ನಕ್ಷೆಯಲ್ಲೂ ಬರೆದಿರುತ್ತದೆ. ಹಗಲು ಗುರುತು ಹಿಡಿಯಲು ಪಟ್ಟೆ, ರಾತ್ರಿ ಈ ಲೆಕ್ಕ.

ಇದನ್ನು ಕಡಲಿನಿಂದಲೇ ನೋಡಬೇಕು ಅನ್ನಿಸಿತು. ಪರಿಚಯದ ಮೀನುಗಾರರೊಬ್ಬರು ಒಂದು ಬೆಳಗಿನ ಜಾವ ತಮ್ಮ ನಾಡದೋಣಿಯಲ್ಲಿ ಕರೆದುಕೊಂಡು ಹೋದರು. ಅಮಾವಾಸ್ಯೆಯ ಹತ್ತಿರದ ದಿನ. ತೀರ ದೂರವಾದಂತೆ ಗೋಪುರ ಕಾಣದಾಯಿತು, ತೆಂಗಿನ ತೋಟ ಕಾಣದಾಯಿತು. ದಡದ ಬಲ್ಬುಗಳೆಲ್ಲ ಒಂದೇ ಥರ. ಅವುಗಳ ನಡುವೆ ಒಂದು ಚುಕ್ಕಿ ಮಾತ್ರ ಬಂದು ಹೋಗಿ ಮಾಡುತ್ತಿತ್ತು.

‘ನಾವು ಕಂಬ ನೋಡುದಲ್ಲ ಮಾರಾಯ್ರೆ, ಎಣಿಸುದು’ ಎಂದರು ಅವರು. ಬೆರಳು ಮಡಚಿ ಎಣಿಸಿಯೂ ತೋರಿಸಿದರು.

ನಾನು ಅಭ್ಯಾಸಬಲದಿಂದ ಮೂವತ್ತು ಸೆಕೆಂಡ್ ಶಟರ್ ಬಿಟ್ಟೆ. ತೂಗುವ ದೋಣಿಯಲ್ಲಿ ಅಷ್ಟು ಹೊತ್ತು ತೆರೆದಿಟ್ಟರೆ ಏನಾಗುತ್ತದೆ, ನಿಮಗೆ ಗೊತ್ತಲ್ವಾ. ದಡದ ದೀಪಗಳೆಲ್ಲ ಎಳೆದ ದಾರದ ಹಾಗೆ ಅಂಕುಡೊಂಕು. ಅಳಿಸಲು ಹೊರಟವನು ಪರದೆ ಹಿಗ್ಗಿಸಿ ನೋಡಿದೆ. ದಾರಗಳ ಮೇಲ್ಗಡೆ ಬಿಡಿ ಬಿಡಿ ಬಿಳಿ ಚುಕ್ಕಿಗಳು. ಲೈಟ್‌ಹೌಸ್! ಅದರ ಮಿಂಚು ತುಂಬ ಚಿಕ್ಕದು. ಹಾಗಾಗಿ ದೋಣಿ ಅಲುಗಿದರೂ ಅದು ಗೆರೆಯಾಗದೆ ಚುಕ್ಕಿಯಾಗಿಯೇ ಬಿದ್ದಿತ್ತು.

ದಡಕ್ಕೆ ಬಂದ ಮೇಲೆ ಅದನ್ನೇ ಬೇಕೆಂದು ಮಾಡಿದೆ. ಬೀಚಿನಲ್ಲಿ ದೂರ ನಡೆದು, ಪೂರ್ತಿ ಕತ್ತಲಾದ ಮೇಲೆ ಟ್ರೈಪಾಡ್ ನಿಲ್ಲಿಸಿ, ಶಟರ್ ತೆರೆದಿಟ್ಟು ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸುವುದು. ಗಡಿಬಿಡಿ ಮಾಡಬಾರದು, ಒಂದೇ ವೇಗ ಇರಬೇಕು. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಒಂದು ಮಿಂಚಿನ ಹೊಳಪು ಬದಲಾಗುವುದಿಲ್ಲ, ಅದನ್ನು ಅಪರ್ಚರ್ ಮತ್ತು ಐಎಸ್‌ಒದಿಂದಲೇ ಹೊಂದಿಸಬೇಕು. ಒಂದೇ ಹದದಲ್ಲಿ ತಿರುಗಿಸಲು ಕೈ ಪಳಗುವಷ್ಟರಲ್ಲಿ ಆರು ಸಂಜೆಗಳು ಹೋದವು. ಕೊನೆಗೆ ಸಿಕ್ಕಿದ್ದು ಕಪ್ಪು ಹಿನ್ನೆಲೆಯ ಮೇಲೆ ಚುಕ್ಕಿಗಳ ಒಂದು ಸಾಲು. ಗೋಪುರವಿಲ್ಲ, ಕಡಲಿಲ್ಲ.

ಪ್ರಿಂಟ್ ತೆಗೆಸಿ ಆ ಮೀನುಗಾರರಿಗೆ ಕೊಟ್ಟೆ. ಏನು, ಎಲ್ಲಿಯದು ಎಂದು ಹೇಳಲಿಲ್ಲ. ಬಲೆ ಪಕ್ಕಕ್ಕಿಟ್ಟು, ಚುಕ್ಕಿಯಿಂದ ಚುಕ್ಕಿಗೆ ಬೆರಳು ಸರಿಸುತ್ತಾ ಮನಸ್ಸಿನಲ್ಲೇ ಎಣಿಸಿದರು. ಆಮೇಲೆ ತಲೆ ಎತ್ತಿ, ‘ನಮ್ಮ ಕಾಪುದೇ’ ಎಂದರು.