ದೂರ ಪ್ರಯಾಣದ ಟ್ರೈಕ್: ಮೊದಲು ಸೀಟು ಸರಿಪಡಿಸಿಕೊಳ್ಳಿ
ಮೂರು ಚಕ್ರದ ಟೂರಿಂಗ್ ಟ್ರೈಕ್ ತಿರುವಿನಲ್ಲಿ ಬೈಕಿನಂತೆ ವಾಲುವುದಿಲ್ಲವಾದ್ದರಿಂದ ಸವಾರನ ದೇಹ ಹೊರಮಗ್ಗುಲಿಗೆ ಜರುಗುತ್ತದೆ; ಅದನ್ನು ತಡೆಯಲು ನಾವು ಅರಿವಿಲ್ಲದೆಯೇ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದರಿಂದ ಸಂಜೆಯ ಹೊತ್ತಿಗೆ ಭುಜ, ಮಣಿಕಟ್ಟುಗಳು ನೋಯತೊಡಗುತ್ತವೆ. ಆದ್ದರಿಂದ ಮೊದಲ ಖರ್ಚು ಅಂಚುಗಳು ತುಸು ಎತ್ತರವಿರುವ ಸೀಟಿಗೂ ಸವಾರನ ಬೆನ್ನಿಗೆ ಆಸರೆಯಾಗುವ ಒರಗಿಗೂ ಆಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ಟೀರಿಂಗ್ ಭಾರವೆನಿಸಿದರೆ ಮುಂಚಕ್ರದ ಟ್ರೇಲ್ (ಸ್ಟೀರಿಂಗ್ ಅಕ್ಷದ ಗೆರೆ ನೆಲ ಸೇರುವ ಬಿಂದುವಿಗೂ ಟೈರು ನೆಲ ಮುಟ್ಟುವ ಜಾಗಕ್ಕೂ ನಡುವಿನ ಅಂತರ) ತಗ್ಗಿಸುವ ರೇಕ್ ಕಿಟ್, ಅಂದರೆ ಮುಂದಿನ ಫೋರ್ಕಿನ ಓರೆಯನ್ನು ಬದಲಿಸುವ ಬಿಡಿಭಾಗಗಳನ್ನು ಹಾಕಿಸಬಹುದು, ಆದರೆ ಆ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೇ ಒಪ್ಪಿಸಿ. ವಿಂಡ್‌ಶೀಲ್ಡಿನ ಮೇಲಂಚು ಮೂಗಿನ ಮಟ್ಟಕ್ಕಿದ್ದರೆ ಗಾಳಿಯ ಹೊಡೆತ ತಗ್ಗುತ್ತದೆ, ಮಳೆಹನಿ ಕೂತ ಗಾಜಿನ ಮೇಲಿನಿಂದಲೇ ರಸ್ತೆಯನ್ನೂ ನೋಡಬಹುದು. ಭಾರವಾದ ಸಾಮಾನುಗಳನ್ನು ಡಿಕ್ಕಿಯ ತಳದಲ್ಲಿ, ಆದಷ್ಟು ಮುಂದಕ್ಕೆ ಇಡಿ.