ರಾಗಿ ಬಿತ್ತಿದ ಹಾಗೆ ಬಿತ್ತಿ ಕೆಟ್ಟೆ

ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ, ಬೆಟ್ಟದ ಬುಡದಲ್ಲಿ ನಮ್ಮ ಮನೆ. ಇಲ್ಲಿ ವರ್ಷಕ್ಕೆ ಸುಮಾರು 12 ಇಂಚು ಮಳೆ, ಬೇಸಿಗೆಯಲ್ಲಂತೂ ಒಂದು ಹನಿ ಬಿದ್ದರೆ ಹೆಚ್ಚು. ಹಿತ್ತಲಿನ 600 ಚದರ ಅಡಿ ಲಾನ್‌ಗೆ ನೀರು ಹಾಯಿಸಿ ಹಾಯಿಸಿ ಸಾಕಾಗಿ, ಅದನ್ನು ಕಿತ್ತು ಈ ಬೆಟ್ಟದ್ದೇ ಹುಲ್ಲು ಬ್ಲೂಬಂಚ್ ವೀಟ್‌ಗ್ರಾಸ್ ಹಾಕಲು ಹೊರಟೆ.

ಮೊದಲ ಸಲ ಮೇ ತಿಂಗಳಲ್ಲಿ ಬಿತ್ತಿದೆ. ರಾಗಿ ಹೊಲದಲ್ಲಿ ಬೆಳೆದವನು, ಹುಲ್ಲು ಬೆಳೆಸೋಕೆ ಬರಲ್ವಾ ಅನ್ನೋ ಜಂಬ ಬೇರೆ. ದಿನಾ ನೀರು ಕೊಟ್ಟೆ. ಜೋರಾಗಿ ಬಂದದ್ದು ಕಳೆ. ಅಲ್ಲೊಂದು ಇಲ್ಲೊಂದು ಎದ್ದ ಸಸಿ ಜುಲೈ ಬಿಸಿಲಿಗೆ ಸುಟ್ಟುಹೋಯಿತು. ಇದು ಹಿಮ ಕರಗಿದ ನೀರಲ್ಲಿ ಬೆಳೆದು, ಬೇಸಿಗೆಯಲ್ಲಿ ಮಲಗುವ ಹುಲ್ಲು. ನಮ್ಮ ಮುಂಗಾರಿನ ಲೆಕ್ಕ ಇಲ್ಲಿ ತಲೆಕೆಳಗು.

ಎರಡನೇ ಸಲ ಅವಸರ ಮಾಡಲಿಲ್ಲ. ಶರತ್ಕಾಲದ ಮೊದಲ ಮಳೆಗೆ ಚೀಟ್‌ಗ್ರಾಸ್ ಅನ್ನೋ ಪಿಡುಗು ಮೊಳೆಯುತ್ತದೆ. ಹೊರಗಿನಿಂದ ಬಂದ ಕಳೆ ಅದು. ಜೂನ್ ಹೊತ್ತಿಗೆ ಒಣಗಿ, ಒಂದು ಕಿಡಿ ಬಿದ್ದರೂ ಬೆಟ್ಟವನ್ನೇ ಸುಡುತ್ತದೆ. ಅದನ್ನು ಮೊಳೆಯಲು ಬಿಟ್ಟು, ಎರಡು ಸಲ ಮೇಲುಮೇಲೆ ಕೆರೆದು ತೆಗೆದೆ. ಆಳವಾಗಿ ಅಗೆದರೆ ಕೆಳಗಿನ ಬೀಜವೂ ಎದ್ದು ಬರುತ್ತೆ. ನವೆಂಬರ್‌ನಲ್ಲಿ ಮಣ್ಣು ತಣ್ಣಗಾದ ಮೇಲೆ 200 ಗ್ರಾಂ ಬೀಜ ಚೆಲ್ಲಿ, ಕಾಲಿಂಚು ಮಣ್ಣು ಎಳೆದು, ಕಾಲಲ್ಲಿ ತುಳಿದೆ. ಮೇಲೆ ಹಿಮ ಬಿತ್ತು.

ಮಾರ್ಚ್‌ನಲ್ಲಿ ಹಸಿರು ಕಂಡಿತು. ಆದರೆ ಯಾವುದು ಕಳೆ, ಯಾವುದು ನಮ್ಮದು? ಮಂಡಿಯೂರಿ ಕೂತು ಒಂದೊಂದೇ ನೋಡಿದೆ. ಚೀಟ್‌ಗ್ರಾಸ್ ಎಲೆ ಮುಟ್ಟಿದರೆ ಮೆತ್ತಗೆ, ಮೈತುಂಬ ರೋಮ. ಬ್ಲೂಬಂಚ್ ಎಲೆಯನ್ನು ಮೆಲ್ಲಗೆ ಕೆಳಗೆ ಬಗ್ಗಿಸಿದರೆ, ಅದು ದಂಟಿಗೆ ಸೇರುವ ಕಡೆ ಎರಡು ಪುಟಾಣಿ ಕೊಕ್ಕೆ. ದಂಟನ್ನು ಹಿಡಿದುಕೊಂಡಂತೆ, ಸ್ವಲ್ಪ ಕೆಂಪಗೆ. ಸಸಿ ತುಂಬ ಎಳೆಯದಾಗಿದ್ದರೆ ಭೂತಗನ್ನಡಿ ಬೇಕು.

ಮೊದಲ ವರ್ಷ ಗೇಣುದ್ದವೂ ಬರಲಿಲ್ಲ. "ಇದಕ್ಕಾ ಇಷ್ಟು ಪಾಡು?" ಅಂದಳು ಹೆಂಡತಿ. ಮಾರನೆ ವರ್ಷ ಬುಡದಿಂದ ಹೊಸ ದಂಟುಗಳು ಎದ್ದು ಚೆನ್ನಾಗಿ ತೆಂಡೆ ಒಡೆಯಿತು. ಆಗ ನಾನೇ ಒಂದು ಎಡವಟ್ಟು ಮಾಡಿದೆ. ದಾರಿಗೆ ಅಡ್ಡ ಅಂತ ಮೇ ಕೊನೆಯಲ್ಲಿ ನಾಲ್ಕು ಬುಡಗಳನ್ನು ನೆಲಮಟ್ಟಕ್ಕೆ ಕತ್ತರಿಸಿದೆ. ಹೊಡೆ ಬಂದಿದ್ದ, ಅಂದರೆ ತೆನೆ ಇನ್ನೂ ಎಲೆಯ ಸುರುಳಿಯೊಳಗೇ ಇದ್ದ ಸಮಯ ಅದು. ಎರಡು ಮತ್ತೆ ಚಿಗುರಲೇ ಇಲ್ಲ. ದನ ಮೇಯಿಸುವವರಿಗೂ ಆ ಹೊತ್ತಿನಲ್ಲಿ ಇದನ್ನು ಮೇಯಿಸಬೇಡಿ ಅಂತಲೇ ಇಲ್ಲಿ ಹೇಳುವುದು. ಈಗ ಕತ್ತರಿ ಹಾಕುವುದಿದ್ದರೆ ಚಳಿಗಾಲದ ಕೊನೆಗೆ, ಅದೂ ಒಂದು ಗೇಣು ಬಿಟ್ಟು.

ಮೂರನೇ ಬೇಸಿಗೆಗೆ ತೊಡೆಯೆತ್ತರ ಬಂತು. ತೆನೆ ಒಣಗುತ್ತಾ ಹೋದಂತೆ ಅದರ ಮೀಸೆಗಳು ಪಕ್ಕಕ್ಕೆ ಬಾಗುತ್ತವೆ, ಕಾಲುಚೀಲಕ್ಕೂ ಅಂಟುತ್ತವೆ. ಬುಡಗಳ ನಡುವೆ ಮಾತ್ರ ಬರೀ ನೆಲ. ಇದು ಗುಂಪು ಗುಂಪಾಗಿ ಬೆಳೆಯುವ ಹುಲ್ಲು, ಲಾನ್ ಥರ ಹರಡಿಕೊಳ್ಳಲ್ಲ. ಆ ಜಾಗ ತುಂಬಿಸೋಣ ಅಂತ ಕೈ ತುರಿಸಿದ್ದುಂಟು. ಸುಮ್ನೆ ಬಿಟ್ಟಿದ್ದೇನೆ.

ಆಗಸ್ಟ್‌ನಲ್ಲಿ ಎಲ್ಲ ಒಣಗಿದಾಗ ಪಕ್ಕದ ಮನೆಯವರು "ಸತ್ತುಹೋಯ್ತಾ?" ಅಂತ ಕೇಳಿದರು. ಅಕ್ಟೋಬರ್ ಮಳೆ ಬಿದ್ದ ಮೇಲೆ ಅವರನ್ನು ಕರೆದು ಒಣಕಡ್ಡಿ ಬಿಡಿಸಿ ತೋರಿಸಿದೆ. ಬುಡದಲ್ಲಿ ಹಸಿರು ಮೊನೆಗಳು, ಬೆರಳುದ್ದ.