ನೇತ್ರಾಣಿಯಲ್ಲಿ ಲಂಗರು ಹಾಕದೆ ಬೋಟ್ ನಿಲ್ಲಿಸುವುದು: ನಮ್ಮ ಅನುಭವ

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಎಷ್ಟು ಜನರನ್ನು ಬಿಡಬೇಕು ಎಂದಾಗಲೆಲ್ಲ ಮಾತು ತಲೆ ಎಣಿಕೆಗೇ ಬಂದು ನಿಲ್ಲುತ್ತದೆ. ನೀರಿಗಿಳಿದು ನೋಡಿದರೆ ಹವಳಕ್ಕೆ ಪ್ರವಾಸದಿಂದ ಪೆಟ್ಟು ಬೀಳುವುದು ಹೆಚ್ಚಾಗಿ ಎರಡು ಕಡೆ: ಲಂಗರಿನ ಸರಪಳಿ ಎಳೆದಾಡುವಲ್ಲಿ, ಮತ್ತು ಮೊದಲ ಸಲ ಇಳಿದವರು ಮೊಣಕಾಲು ಊರುವಲ್ಲಿ. ಇವೆರಡನ್ನು ಸರಿಮಾಡಿದರೆ ತಲೆ ಎಣಿಕೆ ಅರ್ಧ ತಾನಾಗೇ ಇತ್ಯರ್ಥವಾಗುತ್ತದೆ.

ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ, ಹೊತ್ತೇರಿದ ಮೇಲೆ ಕಡಲಿನಿಂದ ದಡಕ್ಕೆ. ಗಾಳಿ ತಿರುಗಿದಂತೆ ಬೋಟೂ ತಿರುಗುತ್ತದೆ. ತಳದಲ್ಲಿ 10 ಮೀಟರ್ ಸರಪಳಿ ಬಿದ್ದಿದ್ದರೆ ಅರ್ಧ ಸುತ್ತಿಗೇ 150 ಚದರ ಮೀಟರಿಗೂ ಹೆಚ್ಚು ಜಾಗ ಗುಡಿಸಿದಂತಾಯಿತು. ಮೇಲೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಕೆಳಗೆ ಕವಲುಹವಳದ ತುದಿಗಳು ಮುರಿದು ಬೆಳ್ಳಗೆ ಕಾಣುತ್ತವೆ.

ಇದಕ್ಕೆ ಪರಿಹಾರ ತಳದಲ್ಲಿ ಕಾಂಕ್ರೀಟ್ ದಿಮ್ಮಿಯ ಶಾಶ್ವತ ಭಾರ, ಮೇಲೆ ಬೋಟ್ ಕಟ್ಟಲು ತೇಲುಬುರುಡೆ (ಬೋಯ್). ಇಲಾಖೆಗಳ ಅನುಮತಿಯ ಜೊತೆಗೆ ಅಲ್ಲಿ ಬಲೆ ಬಿಡುವ ಮೀನುಗಾರರ ಒಪ್ಪಿಗೆಯೂ ಮೊದಲೇ ಬೇಕು. ಇಲ್ಲದಿದ್ದರೆ ಬುರುಡೆ ಉಳಿಯುವುದಿಲ್ಲ.

ಕಾಂಕ್ರೀಟ್ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಒಂದು ಘನ ಮೀಟರ್ ಕಾಂಕ್ರೀಟ್ ದಡದಲ್ಲಿ 2.4 ಟನ್ ತೂಗಿದರೆ ಕಡಲಿನಲ್ಲಿ ತೂಗುವುದು 1.4 ಟನ್ನಿಗೂ ಕಡಿಮೆ. ಬೋಟನ್ನು ಹಿಡಿಯುವುದು ಈ ಎರಡನೆಯ ತೂಕ. ಎತ್ತರದ ದಿಮ್ಮಿ ಅಲೆಯ ಜಗ್ಗಿಗೆ ಮಗುಚಿಕೊಳ್ಳುತ್ತದೆ, ಹಾಗಾಗಿ 1.4 ಮೀಟರ್ ಚೌಕಕ್ಕೆ ಅರ್ಧ ಮೀಟರ್ ದಪ್ಪ ಸಾಕು. ಕಬ್ಬಿಣದ ಜಾಲರಿಯ ಅಡಿಯಿಂದ ತೂರಿಸಿ ತಂದ 25 ಮಿ.ಮೀ. ದಪ್ಪದ ಸತು ಲೇಪಿತ ಸರಳನ್ನು ಮೇಲೆ ಕುಣಿಕೆಯಾಗಿ ಬಿಡಬೇಕು. ಜಾಲರಿಯ ಸುತ್ತ ಕನಿಷ್ಠ 75 ಮಿ.ಮೀ. ಕಾಂಕ್ರೀಟ್ ಇರಲಿ, ಉಪ್ಪುನೀರು ಕಬ್ಬಿಣಕ್ಕೆ ತಾಗಿದರೆ ದಿಮ್ಮಿಯೇ ಬಿರಿಯುತ್ತದೆ. 28 ದಿನ ಕ್ಯೂರಿಂಗ್ ಆಗದೆ ನೀರಿಗಿಳಿಸಬಾರದು. ಇಳಿಸುವ ಮುನ್ನ ಡೈವರ್ ಕೆಳಗೆ ಹೋಗಿ ಮರಳಿನ ತೇಪೆಯೊಂದನ್ನು ಗುರುತು ಮಾಡಿ ಬರಬೇಕು. ದಿಮ್ಮಿ ಹವಳದ ಮೇಲೇ ಕೂತರೆ ಇಷ್ಟೆಲ್ಲ ಮಾಡಿದ್ದು ಯಾಕೆ?

ಕುಣಿಕೆಗೆ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿ), ಅದಕ್ಕೆ ಎರಡು ಮೀಟರ್ ಉದ್ದದ ದಪ್ಪ ಸರಪಳಿ, ಆಮೇಲೆ 24 ಮಿ.ಮೀ. ನೈಲಾನ್ ಹಗ್ಗ. ನೈಲಾನ್ ಹಿಗ್ಗುವುದರಿಂದ ಅಲೆಯ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲಿನ್ ಸಡಿಲಾದಾಗ ನೀರಿನ ಮೇಲೆ ತೇಲಿ ಪ್ರೊಪೆಲರಿಗೆ ಸುತ್ತುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ತಳದಿಂದ ನೀರಿನ ಆಳದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ ಹಗ್ಗಕ್ಕೆ ಸಣ್ಣ ಬುರುಡೆಯೊಂದನ್ನು ಮುಳುಗಿಸಿ ಕಟ್ಟಿದರೆ ಸರಪಳಿ ನೆಟ್ಟಗೆ ನಿಲ್ಲುತ್ತದೆ, ತಳಕ್ಕೆ ಉಜ್ಜುವುದಿಲ್ಲ. ಸತು ಲೇಪಿತ ಸರಪಳಿಗೆ ಸ್ಟೇನ್‌ಲೆಸ್ ಶ್ಯಾಕಲ್ ಹಾಕಿದರೆ ಉಪ್ಪುನೀರಿನಲ್ಲಿ ಸತು ಬೇಗ ಕರಗಿ ಸರಪಳಿ ಸವೆಯುತ್ತದೆ. ಗಟ್ಟಿ ಇರಲಿ ಎಂದೇ ಹೀಗೆ ಮಾಡುವವರು ಬಹಳ. ಶ್ಯಾಕಲಿನ ಪಿನ್ನನ್ನು ತಂತಿಯಿಂದ ಬಿಗಿಯಲೇಬೇಕು. ಅಲೆಯ ಅಲುಗಾಟಕ್ಕೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ಬುರುಡೆಗೆ ಒಂದೇ ಬೋಟ್. ಪಕ್ಕಕ್ಕೆ ಇನ್ನೊಂದನ್ನು ಕಟ್ಟಿದರೆ ಎಳೆತ ಹೆಚ್ಚಾಗಿ ದಿಮ್ಮಿಯೇ ಸರಿಯುತ್ತದೆ. ಸರದಿಗೆ ಕಾಯುವ ಬೋಟ್ ಲಂಗರು ಹಾಕದೆ ಆಳ ನೀರಿರುವ ಕಡೆ ತೇಲುತ್ತಿರಲಿ. ಹೀಗೆ ಬುರುಡೆಗಳ ಸಂಖ್ಯೆಯೇ ಒಂದು ಹೊತ್ತಿಗೆ ಎಷ್ಟು ಜನ ಎಂಬುದಕ್ಕೆ ಮಿತಿ ಹಾಕುತ್ತದೆ. ಬೋಟ್ ನಡೆಸುವ ತಾಂಡೇಲರ ಜೊತೆ ವಾದವೂ ಬೇಕಾಗುವುದಿಲ್ಲ: ಬುರುಡೆ ಖಾಲಿ ಇದೆಯೋ ಇಲ್ಲವೋ, ಅಷ್ಟೇ.

ಇನ್ನು ಮೊಣಕಾಲಿನ ಸಂಗತಿ. ಹೊಸಬರನ್ನು ಬೇಗ ಇಳಿಸುವ ಆಸೆಗೆ ಸೊಂಟಕ್ಕೆ ಎರಡು ಮೂರು ಕೆ.ಜಿ. ಸೀಸ ಹೆಚ್ಚು ಕಟ್ಟುವುದು ಈ ಕಸುಬಿನ ಕೆಟ್ಟ ಚಾಳಿ. ಭಾರ ಹೆಚ್ಚಾದಾಗ ತೇಲಲು ಡೈವಿಂಗ್ ಜಾಕೆಟ್ಟಿಗೆ ಗಾಳಿ ತುಂಬಬೇಕು, ತುಂಬಿದರೆ ಎದೆ ಮೇಲೆ ಕಾಲು ಕೆಳಗೆ. ಫಿನ್ ಒದ್ದಲ್ಲೆಲ್ಲ ಹವಳ. ಸರಿಯಾದ ಭಾರಕ್ಕೆ ಪರೀಕ್ಷೆ ಹೀಗೆ: ಜಾಕೆಟ್ ಖಾಲಿ, ಉಸಿರು ಸಾಮಾನ್ಯ, ಆಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಪರೀಕ್ಷಿಸಿದರೆ ಮೇಲೆ ಎರಡು ಕೆ.ಜಿ. ಸೇರಿಸಿ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯುವಾಗ ಖರ್ಚಾಗುವ ಗಾಳಿಯ ತೂಕವೇ ಅಷ್ಟು.

ಉಸಿರಾಟ, ಕಿವಿ ಸರಿಮಾಡಿಕೊಳ್ಳುವುದು, ಮಾಸ್ಕ್‌ನ ನೀರು ತೆಗೆಯುವುದು ಎಲ್ಲವನ್ನೂ ಈಜುಕೊಳದಲ್ಲೇ ಮುಗಿಸಿ ಬರಬೇಕು. ಹೊಸಬರಿಗೆ 12 ಮೀಟರ್ ಗರಿಷ್ಠ ಆಳ, ಒಬ್ಬರಿಗೆ ಒಬ್ಬ ತರಬೇತುದಾರ. ಕೈಗವಸು ಕೊಡಬಾರದು, ಗವಸಿದ್ದ ಕೈ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತದೆ. ಫೋಟೊ ತೆಗೆಯುವಾಗಲೇ ಜನ ತಳಕ್ಕೆ ಕೂರುವುದು, ಆದ್ದರಿಂದ ನಾವೇ ಅವರ ಸಿಲಿಂಡರಿನ ಕತ್ತು ಹಿಡಿದು ನಡುನೀರಿನಲ್ಲೇ ಫೋಟೊ ಮುಗಿಸುತ್ತೇವೆ. ಗಟ್ಟಿಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಬಿದ್ದ ತುಂಡನ್ನೂ ಒಯ್ಯುವಂತಿಲ್ಲ ಎಂಬುದನ್ನು ಬೋಟ್ ಹೊರಡುವ ಮೊದಲೇ ಹೇಳಿಬಿಡುತ್ತೇವೆ.

ದ್ವೀಪಕ್ಕೆ ಯಾರನ್ನೂ ಹತ್ತಿಸುವುದಿಲ್ಲ, ಡ್ರೋನ್ ಹಾರಿಸಲು ಬಿಡುವುದಿಲ್ಲ. ಬಿಳಿಹೊಟ್ಟೆಯ ಕಡಲ ಹದ್ದು ಮರಿ ಮಾಡುವ ಚಳಿಗಾಲವೂ ಡೈವಿಂಗ್ ಸೀಸನ್ನೂ ಒಟ್ಟಿಗೇ ಬರುತ್ತವೆ.

ಮೇ ಕೊನೆಗೆ ಮೇಲಿನ ಬುರುಡೆಯನ್ನೂ ಸಣ್ಣ ಬುರುಡೆಯಿಂದ ಮೇಲಿರುವ ಹಗ್ಗವನ್ನೂ ಬಿಚ್ಚಿ ದಡಕ್ಕೆ ತರಬೇಕು. ಮಳೆಗಾಲದ ಅಲೆಗೆ ಹಗ್ಗ ಒಂದೇ ವಾರದಲ್ಲಿ ಹರಿಯಬಹುದು. ಮುಳುಗಿದ ಸಣ್ಣ ಬುರುಡೆ, ಸರಪಳಿ ಕೆಳಗೇ ಇರಲಿ, ಜಾಗದ ಜಿಪಿಎಸ್ ಬರೆದಿಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಪ್ರವಾಸಿಗರಿಗಿಂತ ಮುಂಚೆ ಇಳಿದು ಚಿಪ್ಪು ಕೆರೆದು ಸರಪಳಿಯ ಕೊಂಡಿಗಳನ್ನು ಅಳೆಯಬೇಕು. ಮೂರನೇ ಒಂದು ಭಾಗ ಸವೆದಿದ್ದರೆ ಆ ಸೀಸನ್ನಿಗೆ ಅದನ್ನು ನಂಬುವಂತಿಲ್ಲ, ಬದಲಾಯಿಸಿ.